ದೊಡ್ಡ ಬ್ಲಾಕ್ ತಂದರೆ ಸಾಲದು, ಇಡುವುದೂ ಗೊತ್ತಿರಬೇಕು

ಚೀಸನ್ನು ದೊಡ್ಡ ಬ್ಲಾಕಿನಲ್ಲೇ ಕೊಂಡರೆ ಉಳಿತಾಯ ಎಂದು ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಮೂರೇ ಜನ. ಆಫರ್ ಇದೆ ಅಂತ 1 ಕೆಜಿ ಮೊಝರೆಲ್ಲಾ ತಂದು, ಕವರ್ ಕತ್ತರಿಸಿ, ಹಾಗೇ ಫ್ರಿಜ್ ಬಾಗಿಲಲ್ಲಿ ಇಟ್ಟಿದ್ದೆ. ಹತ್ತು ದಿನಕ್ಕೆ ಮೂಲೆಯಲ್ಲಿ ಹಸಿರು ಬೂಷ್ಟು, ಉಳಿದದ್ದು ಅಂಟಂಟು. ಪೂರ್ತಿ ಕಸಕ್ಕೆ. ಅಮ್ಮ ಒಂದು ವಾರ ಅದನ್ನೇ ಹೇಳಿದರು!

ಈಗ ತಂದ ದಿನವೇ ಕೆಲಸ ಮುಗಿಸುತ್ತೇನೆ. ಬ್ಲಾಕನ್ನು 20 ನಿಮಿಷ ಫ್ರೀಜರಿನಲ್ಲಿಟ್ಟರೆ ಗಟ್ಟಿಯಾಗುತ್ತದೆ, ತುರಿಯುವಾಗ ಮುದ್ದೆ ಆಗುವುದಿಲ್ಲ. ತುರಿಗೆ ಒಂದು ಚಮಚ ಕಾರ್ನ್‌ಫ್ಲೋರ್ ಉದುರಿಸಿ, ಒಂದು ಸಲಕ್ಕೆ ಬೇಕಾದಷ್ಟನ್ನೇ ಜಿಪ್ ಕವರಿಗೆ ತುಂಬಿ, ಗಾಳಿ ಒತ್ತಿ ತೆಗೆದು, ಚಪಾತಿಯಂತೆ ಚಪ್ಪಟೆ ಮಾಡಿ ಫ್ರೀಜರಿಗೆ. ಚೀಸ್ ದೋಸೆಗೆ ಅಲ್ಲಿಂದಲೇ ಮುರಿದು ಉದುರಿಸುತ್ತೇನೆ. ಹಸಿಯಾಗಿ ತಿನ್ನಲು ಮಾತ್ರ ಅದು ಚೆನ್ನಾಗಿರುವುದಿಲ್ಲ, ಪುಡಿಪುಡಿಯಾಗುತ್ತದೆ.

ಚೆಡ್ಡಾರ್‌ನಂಥ ಗಟ್ಟಿ ಚೀಸಾದರೆ ಬಟರ್ ಪೇಪರ್ ಸುತ್ತಿ ಡಬ್ಬಿಗೆ ಹಾಕಿ, ಬಾಗಿಲಲ್ಲಿ ಅಲ್ಲ, ಒಳಗಿನ ಕಪಾಟಿನಲ್ಲಿ ಇಡಿ. ಬಾಗಿಲು ತೆಗೆದಾಗಲೆಲ್ಲ ಅಲ್ಲಿಯ ತಂಪು ಹೋಗುತ್ತೆ ಅಲ್ವಾ? ಈ ಗಟ್ಟಿ ಚೀಸಿನಲ್ಲಿ ಬೂಷ್ಟು ಕಂಡರೆ ಸುತ್ತ ಒಂದು ಇಂಚು ಕತ್ತರಿಸಿ ಉಳಿದದ್ದನ್ನು ಬಳಸಬಹುದು. ಮೆತ್ತಗಿನ ಚೀಸಿಗೋ ತುರಿಗೋ ಬಂದರೆ ಯೋಚನೆ ಬೇಡ, ಬಿಸಾಡಿ.

ಇನ್ನೊಂದು ಮಾತು. ಸ್ಲೈಸ್, ಕ್ಯೂಬ್, ಬ್ಲಾಕ್ ಯಾವುದೇ ಇರಲಿ, 100 ಗ್ರಾಂಗೆ ಎಷ್ಟು ಬೀಳುತ್ತದೆ ಅಂತ ಫೋನಿನಲ್ಲೇ ಲೆಕ್ಕ ಹಾಕಿ. ತೀರಾ ಅಗ್ಗ ಅನಿಸಿದರೆ ಪ್ಯಾಕೆಟ್ ತಿರುಗಿಸಿ ನೋಡಿ. ಹಾಲಿನ ಕೊಬ್ಬಿನ ಜಾಗದಲ್ಲಿ ತಾಳೆ ಎಣ್ಣೆ ಅಂತ ಬರೆದಿದ್ದರೆ ಅದು ಚೀಸೇ ಅಲ್ಲ.