ಓಡಿನ ಮೇಲೊಂದು ಹೆಸರು

ಗ್ರೀಕರ ‘ಒಸ್ಟ್ರಕೋನ್’ ಎಂಬ ಪದಕ್ಕೆ ಚಿಪ್ಪು ಎಂದೂ ಒಡೆದ ಮಡಕೆಯ ಚೂರು ಎಂದೂ ಅರ್ಥ. ಮೂಳೆಗೆ ಅವರಿಟ್ಟ ‘ಒಸ್ಟೆಯೋನ್’ ಎಂಬ ಹೆಸರು ಇದರ ಒಡಹುಟ್ಟು, ಸಂಸ್ಕೃತದ ‘ಅಸ್ಥಿ’ ದೂರದ ದಾಯಾದಿ. ಕನ್ನಡದಲ್ಲಿ ಇದಕ್ಕೆ ‘ಓಡು’ ಎಂಬುದಕ್ಕಿಂತ ಒಪ್ಪುವ ಮಾತಿಲ್ಲ. ಚಿಪ್ಪು, ಮಡಕೆಚೂರು, ತಲೆಬುರುಡೆ ಮೂರನ್ನೂ ಅದೊಂದೇ ಹೇಳುತ್ತದೆ. ಮೇಲಾಗಿ, ಪ್ರಾಚೀನ ಅಥೆನ್ಸಿನಲ್ಲಿ ಜನ ಓಡಿನ ಮೇಲೆ ಹೆಸರು ಕೊರೆದು ಮತ ಹಾಕುತ್ತಿದ್ದರು; ಯಾರ ಹೆಸರು ಹೆಚ್ಚು ಓಡುಗಳ ಮೇಲೆ ಬರುತ್ತಿತ್ತೋ ಅವನು 10 ದಿನದೊಳಗೆ ಊರು ಬಿಟ್ಟು ಓಡಬೇಕಿತ್ತು. ಇಂಗ್ಲಿಷಿನವರ ‘ಆಸ್ಟ್ರಸಿಸಂ’, ಅಂದರೆ ಬಹಿಷ್ಕಾರ ಎಂಬ ಪದ, ಹುಟ್ಟಿದ್ದು ಈ ಏರ್ಪಾಟಿನಿಂದಲೇ.

ಈ ಏರ್ಪಾಟಿಗೆ ಅಪರಾಧ ಬೇಕಿರಲಿಲ್ಲ. ಆಪಾದನೆ, ಸಾಕ್ಷಿ, ವಾದ ಎಂಬ ತಾಪತ್ರಯಗಳೂ ಇರಲಿಲ್ಲ. ಈ ವರ್ಷ ಯಾರನ್ನಾದರೂ ಓಡಿಸೋಣವೇ ಎಂದು ಸಭೆ ಮೊದಲು ನಿರ್ಧರಿಸುತ್ತಿತ್ತು. ಯಾರನ್ನು ಎಂಬುದು ಕೆಲವು ವಾರಗಳ ನಂತರದ ಮಾತು. ಹೆಣ್ಣು ಗೊತ್ತಾಗುವ ಮೊದಲೇ ಲಗ್ನ ಕಟ್ಟಿಸುವ ಈ ಕ್ರಮದಲ್ಲಿ 6000 ಓಡುಗಳು ಸೇರಿದರೆ ಸಾಕು, ಒಬ್ಬನಿಗೆ 10 ವರ್ಷಗಳ ಗಡಿಪಾರು ಖಾತ್ರಿ. ಆಸ್ತಿಗೆ ಮಾತ್ರ ಧಕ್ಕೆಯಿಲ್ಲ. ತಪ್ಪನ್ನೇ ಮಾಡದವನಿಂದ ದಂಡ ವಸೂಲು ಮಾಡುವಷ್ಟು ಅನ್ಯಾಯವಂತರು ಅವರಲ್ಲ.

ಕ್ರಿ.ಪೂ. 482ರಲ್ಲಿ ಅಥೆನ್ಸಿನ ಮುಖಂಡ ಅರಿಸ್ಟೈಡಿಸ್‌ನ ಸರದಿ ಬಂದಿತು. ಓದುಬರಹ ಬಾರದ ಹಳ್ಳಿಗನೊಬ್ಬ ಅವನನ್ನೇ ಗುರುತು ಹಿಡಿಯದೆ, ಓಡನ್ನು ಚಾಚಿ ‘ಅರಿಸ್ಟೈಡಿಸ್’ ಎಂದು ಬರೆದುಕೊಡಲು ಕೇಳಿದನಂತೆ. ಅವನಿಂದ ನಿನಗೇನು ಕೇಡಾಗಿದೆ ಎಂದರೆ, ಕೇಡೇನೂ ಇಲ್ಲ, ಎಲ್ಲೆಡೆ ‘ನ್ಯಾಯವಂತ, ನ್ಯಾಯವಂತ’ ಎಂಬುದನ್ನು ಕೇಳಿ ಸಾಕಾಗಿದೆ ಎಂದನಂತೆ. ನ್ಯಾಯವಂತನು ಮರುಮಾತಿಲ್ಲದೆ ತನ್ನ ಹೆಸರನ್ನೇ ಬರೆದುಕೊಟ್ಟನೆಂದು ಗ್ರೀಕ್ ಜೀವನಚರಿತ್ರಕಾರ ಪ್ಲುಟಾರ್ಕ್ ಹೇಳುತ್ತಾನೆ. ಎರಡು ವರ್ಷದಲ್ಲಿ ಪರ್ಷಿಯದ ಸೇನೆ ಬಾಗಿಲಿಗೆ ಬಂದಾಗ ಅದೇ ಊರು ಅವನನ್ನು ವಾಪಸು ಕರೆಯಿತು. ನ್ಯಾಯವಂತರ ಸಹವಾಸ ಬೇಸರದ್ದೇ ಆದರೂ ಯುದ್ಧಕಾಲದಲ್ಲಿ ಸಹಿಸಿಕೊಳ್ಳಬಹುದು.

ಬರೆಯಲು ಬಾರದವರಿಗೆ ನೆರವಾಗುವ ಸೇವಾಮನೋಭಾವದವರೂ ಅಲ್ಲಿದ್ದರು. ಅಥೆನ್ಸಿನ ಕೋಟೆಗುಡ್ಡ ಆಕ್ರೊಪೊಲಿಸ್‌ನ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ ಇನ್ನೊಬ್ಬ ಮುಖಂಡ ಥೆಮಿಸ್ಟೊಕ್ಲಿಸ್‌ನ ಹೆಸರು ಕೊರೆದ ಸುಮಾರು 190 ಓಡುಗಳು ಸಿಕ್ಕವು. ಪರಿಶೀಲಿಸಿದ ವಿದ್ವಾಂಸರಿಗೆ ಕಂಡದ್ದು 14 ಕೈಗಳ ಬರಹ ಮಾತ್ರ. ಯಾರೋ ಬರೆದುಕೊಟ್ಟ ಅಭಿಪ್ರಾಯವನ್ನು ತನ್ನದೆಂದು ದಾಟಿಸುವ ಕಲೆ ಮೊಬೈಲು ಬಂದ ಮೇಲೆ ಹುಟ್ಟಿತೆಂದು ನಂಬಿರುವವರು ದಯವಿಟ್ಟು ಗಮನಿಸಬೇಕು.

ಕೊನೆಗೆ ಈ ಪದ್ಧತಿಗೆ ಮುಳುವಾದವನು ಹೈಪರ್ಬೊಲಸ್ ಎಂಬ ಪುಢಾರಿ. ನಿಕಿಯಾಸ್, ಆಲ್ಸಿಬಯಾಡೀಸ್ ಎಂಬ ದೊಡ್ಡ ಮುಖಂಡರಿಬ್ಬರಲ್ಲೊಬ್ಬನನ್ನು ಈ ಸಲ ಓಡಿಸಿಯೇ ತೀರಬೇಕೆಂದು ಅವನು ಹವಣಿಸುತ್ತಿದ್ದಾಗ, ಬದ್ಧ ವೈರಿಗಳಾದ ಅವರಿಬ್ಬರೂ ಒಳಗೊಳಗೇ ಕೈಜೋಡಿಸಿ ಓಡುಗಳನ್ನೆಲ್ಲ ಅವನತ್ತಲೇ ತಿರುಗಿಸಿದರು. ಜನ ಮೊದಲು ನಕ್ಕರು, ಆಮೇಲೆ ನೊಂದರು: ದೊಡ್ಡವರಿಗೆಂದೇ ಮೀಸಲಿದ್ದ ಗಡಿಪಾರು ಇಂಥವನ ಪಾಲಾಗಿ ಅದರ ಮರ್ಯಾದೆಯೇ ಹೋಯಿತಲ್ಲ! ಅಲ್ಲಿಂದ ಮುಂದೆ ಅಥೆನ್ಸಿನವರು ಯಾರನ್ನೂ ಓಡಿನಿಂದ ಓಡಿಸಲಿಲ್ಲ.