ಕೈಪಟ್ಟಿ ಕಟ್ಟಿದವರಿಗೆ ಸಂಸ್ಕೃತಿ ಫ್ರೀ

ಕೆರಿಬಿಯನ್ ದ್ವೀಪದ ದೇಶ ಡೊಮಿನಿಕನ್ ರಿಪಬ್ಲಿಕ್‌ನ ಪುಂಟಾ ಕಾನಾ ರೆಸಾರ್ಟುಗಳಲ್ಲಿ ಊಟ, ಕುಡಿತ, ಕೊಡೆ, ಕುರ್ಚಿ ಎಲ್ಲವೂ ಕೈಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯಲ್ಲೇ ಸೇರಿಹೋಗಿರುತ್ತವೆ. ಸಂಸ್ಕೃತಿಯೂ ಅಷ್ಟೆ. ಲಾಬಿಯ ಬೋರ್ಡಿನಲ್ಲಿ ವೇಳಾಪಟ್ಟಿ ಇದೆ: ಈಜುಕೊಳದ ಏರೋಬಿಕ್ಸ್ ಮುಗಿಯುತ್ತಲೇ ಮೆರೆಂಗೆ ಕುಣಿತದ ಪಾಠ, ರಾತ್ರಿ ಊಟವಾದ ಮೇಲೆ ‘ಕೆರಿಬಿಯನ್ ನೈಟ್’. ನಡುವೆ ಹಸಿವಾದರೆ ಪಿಜ್ಜಾ. ಗೇಟು ದಾಟುವ ದರ್ದು ಯಾರಿಗೂ ಇಲ್ಲ.

ಮೆರೆಂಗೆ ಈ ದೇಶದ್ದೇ ಹಾಡು-ಕುಣಿತ, 2016ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿ ಸೇರಿದ ಕಲೆ. ಹಳ್ಳಿಯ ಮೇಳಕ್ಕೆ ಅಕಾರ್ಡಿಯನ್ ಬೇಕು. ಒಂದು ಕಡೆ ಕೋಲು, ಇನ್ನೊಂದು ಕಡೆ ಅಂಗೈಯಿಂದ ಬಾರಿಸುವ ಡೋಲು ತಂಬೋರಾ ಬೇಕು. ತಗಡಿನ ಕೊಳವೆಯನ್ನು ಗರಗರ ಉಜ್ಜುವ ಗೂಯಿರಾ ಬೇಕು. ರೆಸಾರ್ಟು ಈ ಮೂವರ ಸಂಬಳ ಉಳಿಸಿ ಸ್ಪೀಕರ್ ಇಟ್ಟಿದೆ. ಹೆಜ್ಜೆ ಸುಲಭ: ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಎಡವಟ್ಟಾಗುವುದು ಸೊಂಟದಲ್ಲಿ. ಮೊಣಕಾಲು ಸ್ವಲ್ಪ ಮಡಿಸಿ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸಿದರೆ ಸೊಂಟ ತಾನಾಗಿಯೇ ಆಡುತ್ತದೆ. ನಮ್ಮ ಪ್ರವಾಸಿ ಮಹಾಶಯರು ಕಾಲು ಸೆಟೆಸಿಕೊಂಡು ಸೊಂಟವನ್ನಷ್ಟೇ ಒದರುತ್ತಾರೆ. ಎದೆಮಟ್ಟದ ನೀರಿನಲ್ಲಿ ನಿಂತು ಕಲಿಯುವವರದಂತೂ ಕೇಳಲೇಬೇಡಿ; ಭಾರವನ್ನೆಲ್ಲ ನೀರೇ ಹೊತ್ತಿರುವಾಗ ದಾಟಿಸುವುದಾದರೂ ಏನನ್ನು? ಪ್ರಮಾಣಪತ್ರ ಮಾತ್ರ ಎಲ್ಲರಿಗೂ ಸಿಗುತ್ತದೆ.

ರಾತ್ರಿ ವೇದಿಕೆಗೆ ಲಿಂಬೊ ಬರುತ್ತದೆ, ಅಡ್ಡಕೋಲಿನ ಕೆಳಗೆ ಹಿಂದಕ್ಕೆ ಬಾಗಿ ನುಸುಳುವ ಕುಣಿತ. ಅದು ಟ್ರಿನಿಡಾಡ್‌ನದು, ಸಮುದ್ರದಾಚೆ ಸಾವಿರ ಕಿಲೋಮೀಟರಿಗೂ ದೂರ. ಅಲ್ಲಿ ಸಾವಿನ ಮನೆಯ ಜಾಗರಣೆಯಲ್ಲಿ ಕುಣಿಯುತ್ತಿದ್ದುದನ್ನು ಇಲ್ಲಿ ಹನಿಮೂನ್ ಜೋಡಿಗಳಿಂದ ಕುಣಿಸುತ್ತಾರೆ. ಹಿಂದೆಯೇ ಸ್ಟೀಲ್‌ಪ್ಯಾನ್, ಅದೂ ಟ್ರಿನಿಡಾಡ್‌ನದೇ. ಎಣ್ಣೆ ಡ್ರಮ್ಮಿನ ತಳವನ್ನು ಬಟ್ಟಲಿನಂತೆ ಬಡಿದು ತಗ್ಗಿಸಿ, ಬೆಂಕಿಗೆ ಕಾಯಿಸಿ, ಒಂದೊಂದು ಸ್ವರವನ್ನೂ ಸುತ್ತಿಗೆಯಲ್ಲಿ ಕೂರಿಸಿದ ವಾದ್ಯ. ತವರಿನ ಸ್ಪರ್ಧೆಯಲ್ಲಿ ದೊಡ್ಡ ಮೇಳವೆಂದರೆ ನೂರಕ್ಕೂ ಮೇಲೆ ಜನ. ಇಲ್ಲಿ ಒಬ್ಬನೇ, ಉಳಿದವರು ಲ್ಯಾಪ್‌ಟಾಪಿನೊಳಗೆ. ಕೊನೆಗೆ ಜಮೈಕಾದ ರೆಗ್ಗೆ. ಈ ದೇಶದ್ದೇ ಆದ ಬಚಾಟಾ ಸಂಗೀತಕ್ಕೆ ಸಮಯ ಉಳಿದರೆ ನೋಡೋಣ.

‘ಇತಿಹಾಸ ಬೇಕು’ ಎಂದು ಹಟ ಹಿಡಿದವರನ್ನು ಬಸ್ಸು ಹತ್ತಿಸಿ ಲಾ ರೊಮಾನಾ ಊರಿನ ಬಳಿಯ ಆಲ್ಟೋಸ್ ದೆ ಚಾವೋನ್‌ಗೆ ಸಾಗಿಸುತ್ತಾರೆ. ಹದಿನಾರನೆಯ ಶತಮಾನದ ಯುರೋಪಿನ ಕಲ್ಲಿನ ಹಳ್ಳಿ: ಕಮಾನು, ಕಾರಂಜಿ, ಚರ್ಚು, 5,000 ಆಸನಗಳ ಗ್ರೀಕ್ ಮಾದರಿಯ ಬಯಲು ರಂಗಮಂದಿರ. ಕಟ್ಟಲು ಶುರುಮಾಡಿದ್ದು 1976ರಲ್ಲಿ. ಕಟ್ಟಿಸಿದ್ದು ಅಮೆರಿಕದ ಗಲ್ಫ್ ಆ್ಯಂಡ್ ವೆಸ್ಟರ್ನ್ ಕಂಪನಿ. ಹಾಲಿವುಡ್‌ನ ಪ್ಯಾರಾಮೌಂಟ್ ಆಗ ಅದರದೇ ಆಸ್ತಿ, ಹಾಗಾಗಿ ಸೆಟ್ ಹಾಕುವುದು ಹೊಸ ಕಸುಬೇನಲ್ಲ. ಪುರಾತನ ರಂಗಮಂದಿರವನ್ನು 1982ರಲ್ಲಿ ಉದ್ಘಾಟಿಸಿದವರು ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರಾ. ತಮಾಷೆ ಏನೆಂದರೆ, ಅಸಲಿ ಹದಿನಾರನೆಯ ಶತಮಾನ ಅದೇ ಹೆದ್ದಾರಿಯಲ್ಲಿ ಇನ್ನೂ ನೂರು ಕಿಲೋಮೀಟರ್ ಮುಂದೆ, ರಾಜಧಾನಿ ಸ್ಯಾಂಟೊ ಡೊಮಿಂಗೊದಲ್ಲಿದೆ. ಅಮೆರಿಕ ಖಂಡಗಳ ಮೊದಲ ಕ್ಯಾಥೆಡ್ರಲ್ ಅಲ್ಲಿದೆ, 1990ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಆದರೆ ಅಲ್ಲಿ ಜನ ವಾಸ ಮಾಡುತ್ತಾರೆ, ಬಟ್ಟೆ ಒಣಹಾಕುತ್ತಾರೆ, ಫೋಟೊ ಕೆಡುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ, ಚಾವೋನ್‌ನ ಪುಟ್ಟ ಮ್ಯೂಸಿಯಮ್ಮಿನಲ್ಲಿ ಮೂಲನಿವಾಸಿ ತೈನೊ ಜನರ ಅಪ್ಪಟ ವಸ್ತುಗಳಿವೆ. ಸೆಲ್ಫಿ ಮುಗಿಸಿ ಉಳಿದ ಹತ್ತು ನಿಮಿಷ ಅದಕ್ಕೇ ಕೊಡಿ.

ಇನ್ನು ಕಲೆಯ ಖರೀದಿ. ಪುಂಟಾ ಕಾನಾದ ಬಾವರೊ ಕಡಲತೀರದ ಅಂಗಡಿಗಳಲ್ಲಿ ತೂಗುವ ಚಿತ್ರಗಳು ಪಕ್ಕದ ದೇಶ ಹೈಟಿಯ ಶೈಲಿಯವು: ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು, ದೋಣಿ, ತೆಂಗಿನಮರ. ಮುಂದಿನ ಅಂಗಡಿಯಲ್ಲೂ ಅದೇ ಹೆಂಗಸರು, ಅದೇ ಬುಟ್ಟಿ. ‘ಒಂದೇ ಒಂದು ಪೀಸ್’ ಎಂದರೆ, ಆ ಗಳಿಗೆಯಲ್ಲಿ ಅಂಗಡಿಯವನ ಕೈಯಲ್ಲಿರುವುದು ಒಂದು ಎಂದರ್ಥ. ಕೊಂಡರೆ ಬಣ್ಣದ ಮುಖ ಹೊರಗೆ ಬರುವಂತೆ ಸುತ್ತಿ. ಒಳಗೆ ಮಾಡಿ ಸುತ್ತಿದರೆ ಬಿಚ್ಚುವಾಗ ಹೆಂಗಸರಿಗೆಲ್ಲ ಸುಕ್ಕು.

ನೀಲಿ ಲಾರಿಮಾರ್ ಕಲ್ಲು ಜಗತ್ತಿನಲ್ಲಿ ಸಿಗುವುದು ಈ ದೇಶದ ಬರಾಓನಾ ಪ್ರಾಂತ್ಯದಲ್ಲಿ ಮಾತ್ರ. ಬಿಳಿ ಮೋಡದಂಥ ಗೆರೆಗಳಿದ್ದರೆ ಅಸಲಿ ಇರಬಹುದು. ಒಂದೇ ಸಮ ನೀಲಿಯಾಗಿ ಒಳಗೆ ಗುಳ್ಳೆ ಕಂಡರೆ ಅದು ಗಾಜು. ಬಹಳ ದಿನ ಬಿಸಿಲಿಗೆ ಬಿದ್ದರೆ ಅಸಲಿ ಲಾರಿಮಾರ್‌ನ ಬಣ್ಣ ಮಾಸುತ್ತದೆ, ಗಾಜಿನದು ಮಾಸುವುದಿಲ್ಲ. ಆದ್ದರಿಂದ ಕಡಲತೀರದ ಬಿಸಿಲಲ್ಲಿ ದಿನವಿಡೀ ಹರವಿಟ್ಟು ಮಾರುವ ವ್ಯಾಪಾರಿ ಗಾಜನ್ನೇ ಇಟ್ಟುಕೊಂಡಿದ್ದರೆ, ಅದನ್ನು ಗ್ರಾಹಕರ ಹಿತದೃಷ್ಟಿ ಎಂದೇ ತಿಳಿಯಿರಿ.