ಸತ್ಯಾಂಶ: ರೋಟರಿ ಎಂಜಿನ್ ಮಾಜ್ದಾದ ಆವಿಷ್ಕಾರವೇ?

"ರೋಟರಿ ಎಂಜಿನ್ ಕಂಡುಹಿಡಿದದ್ದು ಮಾಜ್ದಾ, ಆಯಿಲ್ ಕಡಿಮೆಯಾದರೆ ಎಂಜಿನ್ ಕೆಟ್ಟಂತೆ" ಎಂಬ ವಾಟ್ಸ್‌ಆ್ಯಪ್ ಸಂದೇಶದ ಎರಡೂ ಮಾತು ತಪ್ಪು.

ಪಿಸ್ಟನ್ ಬದಲು ತ್ರಿಕೋನ ರೋಟರ್ ತಿರುಗುವ ಈ ಎಂಜಿನ್ ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರ ಆವಿಷ್ಕಾರ. ಅಲ್ಲಿನ ವಾಹನ ತಯಾರಕ ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಮೊದಲು ಓಡಿತು. ಜಪಾನಿನ ಹಿರೋಷಿಮಾದ ಕಾರು ಕಂಪನಿ ಮಾಜ್ದಾ 1961ರಲ್ಲಿ ಅದರ ಲೈಸೆನ್ಸ್ ಪಡೆಯಿತು. ಆದರೆ ಅದಕ್ಕೆ ಬಾಳಿಕೆ ತಂದುಕೊಟ್ಟ ಹಿರಿಮೆ ನಿಜಕ್ಕೂ ಮಾಜ್ದಾದ್ದೇ. ಅನಿಲ ಸೋರದಂತೆ ರೋಟರ್‌ನ ಮೂರು ತುದಿಗೆ ಹಾಕಿದ ಸೀಲ್‌ಗಳು ಅದುರಿ, ಹೌಸಿಂಗ್‌ನ (ಹೊರಕವಚದ) ಒಳಗೋಡೆಯಲ್ಲಿ ಸಾಲುಸಾಲು ಗೀರು ಬೀಳುತ್ತಿದ್ದವು. ಮಾಜ್ದಾದ ಎಂಜಿನಿಯರ್ ಕೆನಿಚಿ ಯಮಾಮೊಟೊ ಅವರ ತಂಡ ಅಲ್ಯೂಮಿನಿಯಂ ಸೇರಿಸಿದ ಕಾರ್ಬನ್ ಸೀಲ್ ಹಾಕಿ ಅದನ್ನು ತಡೆಯಿತು. 1967ರಲ್ಲಿ ಈ ಎಂಜಿನ್‌ನ ಮಾಜ್ದಾ ಕಾರು ಕಾಸ್ಮೊ ಸ್ಪೋರ್ಟ್ ಮಾರಾಟಕ್ಕೆ ಬಂತು.

ಇನ್ನು ಆಯಿಲ್. ಸೀಲ್ ಒಣಗದಿರಲೆಂದು ಪಂಪೊಂದು ಬೇಕೆಂದೇ ಸ್ವಲ್ಪಸ್ವಲ್ಪ ಆಯಿಲ್ ಒಳಬಿಡುತ್ತದೆ. ಅದು ಪೆಟ್ರೋಲ್ ಜೊತೆ ಉರಿದುಹೋಗುತ್ತದೆ. ಹಾಗಾಗಿ ಆಯಿಲ್ ಕಡಿಮೆಯಾಗುವುದು ಸಹಜ. ಮಾಜ್ದಾದ ರೋಟರಿ ಕಾರು ಆರ್‌ಎಕ್ಸ್-8 ಇಟ್ಟುಕೊಂಡವರು ಎರಡು ಸಲ ಟ್ಯಾಂಕ್ ತುಂಬಿಸುವುದರೊಳಗೆ ಒಮ್ಮೆಯಾದರೂ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಲೇಬೇಕು. ಬಿಸಿ ಎಂಜಿನ್ ಸ್ಟಾರ್ಟ್ ಆಗಲು ತಕರಾರು ಮಾಡಿದರೆ ಸೀಲ್ ಸವೆದಿರುವ ಅನುಮಾನ. ಆಗ ಕಂಪ್ರೆಷನ್ ಪರೀಕ್ಷೆ (ಎಂಜಿನ್ ಒಳಗಿನ ಒತ್ತಡದ ತಪಾಸಣೆ) ಮಾಡಿಸಿ.